ಎರಡು ದಿನಗಳ ಸೋಂಕು ನಿಯಂತ್ರಣ ತರಬೇತಿ: ಕೊಟ್ಟ ಹಣಕ್ಕೆ ಸಿಕ್ಕಿದ್ದೇನು

ಕಳೆದ ಮಳೆಗಾಲದಲ್ಲಿ ಬೆಂಗಳೂರಿನ ಒಂದು ಖಾಸಗಿ ಸಂಸ್ಥೆಯನ್ನು ಕರೆಸಿ ನಮ್ಮ ಆಸ್ಪತ್ರೆಯ ಸಿಬ್ಬಂದಿಗೆ ಎರಡು ದಿನಗಳ ಸೋಂಕು ನಿಯಂತ್ರಣ ತರಬೇತಿ ಕೊಡಿಸಿದೆವು. ನಮ್ಮದು ಮಲೆನಾಡಿನ ಅಂಚಿನ ತಾಲ್ಲೂಕು ಕೇಂದ್ರವೊಂದರಲ್ಲಿರುವ ಅರವತ್ತು ಹಾಸಿಗೆಗಳ ಆಸ್ಪತ್ರೆ. ಒಂದು ಓಟಿ (ಶಸ್ತ್ರಚಿಕಿತ್ಸೆಯ ಕೋಣೆ), ಆರು ಹಾಸಿಗೆಗಳ ಐಸಿಯು, ಹೆರಿಗೆ ವಾರ್ಡು ಮತ್ತು ಚಿಕ್ಕದೊಂದು ಲ್ಯಾಬು ಇವೆ. ನಾನು ಅಲ್ಲಿ ನರ್ಸಿಂಗ್ ಸೂಪರಿಂಟೆಂಡೆಂಟ್. ಸಂಸ್ಥೆಯನ್ನು ಹುಡುಕಿದವಳೂ ಆಡಳಿತ ಮಂಡಳಿಯ ಮುಂದೆ ಖರ್ಚನ್ನು ಸಮರ್ಥಿಸಿದವಳೂ ನಾನೇ ಆಗಿರುವುದರಿಂದ, ಆ ಹಣ ಸಾರ್ಥಕವಾಯಿತೇ ಎಂದು ಲೆಕ್ಕ ಒಪ್ಪಿಸುವ ಕೆಲಸವೂ ನನ್ನದೇ ಎಂದುಕೊಂಡು ಇದನ್ನು ಬರೆಯುತ್ತಿದ್ದೇನೆ. ಸಂಸ್ಥೆಯ ಹೆಸರನ್ನು ಹೇಳುವುದಿಲ್ಲ. ಇಂಥ ತರಬೇತಿಗಾಗಿ ನಾನು ವಿಚಾರಿಸಿದ ನಾಲ್ಕು ಕಡೆಗಳಲ್ಲಿಯೂ ವೇಳಾಪಟ್ಟಿ ಹೆಚ್ಚುಕಡಿಮೆ ಒಂದೇ ಆಗಿತ್ತು. ಹೀಗಿರುವಾಗ ಕೊಳ್ಳುವವರಿಗೆ ಹೆಸರಿಗಿಂತ, ಏನನ್ನು ಕೇಳಿ ಪಡೆಯಬೇಕು ಎಂಬುದು ಗೊತ್ತಿದ್ದರೆ ಹೆಚ್ಚು ಉಪಯೋಗ.

ಶುಲ್ಕ ಎರಡು ದಿನಕ್ಕೆ 42,000 ರೂಪಾಯಿ, ಜಿಎಸ್‌ಟಿ ಬೇರೆ. ತರಬೇತುದಾರರಿಬ್ಬರ ಪ್ರಯಾಣ ಅದರಲ್ಲೇ ಸೇರಿತ್ತು, ಊಟ ಮತ್ತು ವಸತಿ ನಮ್ಮದು. ಒಂದು ತಂಡದಲ್ಲಿ ಹೆಚ್ಚೆಂದರೆ ನಲವತ್ತು ಜನ. ನಮ್ಮಂಥ ಆಸ್ಪತ್ರೆಗೆ ಇದು ಸಣ್ಣ ಮೊತ್ತವಲ್ಲ. ಆ ತಿಂಗಳು ಹೊಸ ಸಕ್ಷನ್ ಯಂತ್ರ ಕೊಳ್ಳುವುದನ್ನು ಮುಂದೂಡಿದ್ದೆವು.

ಹಣ ಕೊಡದೆಯೇ ಕಲಿಯುವ ದಾರಿ ಇರಲಿಲ್ಲವೇ ಎಂದು ಆಡಳಿತ ಮಂಡಳಿಯವರು ಕೇಳಿದ್ದು ನ್ಯಾಯವೇ ಆಗಿತ್ತು. ವಿಶ್ವ ಆರೋಗ್ಯ ಸಂಸ್ಥೆಯ ಓಪನ್‌ಡಬ್ಲ್ಯುಎಚ್‌ಒ ತಾಣದ ಸೋಂಕು ತಡೆ ಕೋರ್ಸ್‌ಗಳನ್ನು ಕೋವಿಡ್ ಕಾಲದಲ್ಲಿ ನಾನೂ ನಮ್ಮ ಇಬ್ಬರು ಸ್ಟಾಫ್ ನರ್ಸ್‌ಗಳೂ ಬಿಟ್ಟಿಯಾಗಿಯೇ ಮುಗಿಸಿ ಪ್ರಮಾಣಪತ್ರ ಪಡೆದಿದ್ದೆವು. ಕೇಂದ್ರ ಆರೋಗ್ಯ ಸಚಿವಾಲಯ 2020ರ ಜನವರಿಯಲ್ಲಿ ಹೊರಡಿಸಿದ ರಾಷ್ಟ್ರೀಯ ಸೋಂಕು ನಿಯಂತ್ರಣ ಮಾರ್ಗಸೂಚಿಯೂ ಯಾರು ಬೇಕಾದರೂ ಇಳಿಸಿಕೊಂಡು ಓದಬಹುದಾದ ದಾಖಲೆ. ಆದರೆ ಓದಿ ತಿಳಿದ ನಾವು ಮೂವರೂ ವಾರ್ಡಿಗೆ ಬಂದ ಮೇಲೆ ಮಾಡುತ್ತಿದ್ದ ತಪ್ಪುಗಳು ಮೊದಲಿನವೇ. ಕೈ ತೊಳೆಯುವುದು ಪರೀಕ್ಷೆಯಲ್ಲಿ ಉತ್ತರವಾಗಿ ಬರುತ್ತದೆ. ರಾತ್ರಿ ಪಾಳಿಯಲ್ಲಿ ಇಬ್ಬರೇ ಇದ್ದು, ಮೂರು ಡ್ರಿಪ್ ಒಟ್ಟಿಗೆ ಮುಗಿದಾಗ ಕೈಗೆ ಬರುವುದಿಲ್ಲ. ಜೊತೆಗೆ ಕಾನೂನಿನ ಮಾತೂ ಇದೆ. 2016ರ ಜೀವವೈದ್ಯಕೀಯ ತ್ಯಾಜ್ಯ ನಿರ್ವಹಣಾ ನಿಯಮಗಳ ಪ್ರಕಾರ, ತ್ಯಾಜ್ಯವನ್ನು ಮುಟ್ಟುವ ಪ್ರತಿಯೊಬ್ಬರಿಗೂ ಕೆಲಸಕ್ಕೆ ಸೇರುವಾಗ ಒಮ್ಮೆ, ಆಮೇಲೆ ವರ್ಷಕ್ಕೆ ಒಮ್ಮೆಯಾದರೂ ತರಬೇತಿ ಕೊಡಬೇಕು, ಕೊಟ್ಟ ಲೆಕ್ಕವನ್ನು ವಾರ್ಷಿಕ ವರದಿಯಲ್ಲಿ ತೋರಿಸಬೇಕು. ನಾವು ಅಲ್ಲಿಯವರೆಗೆ ಇದನ್ನು ಹಾಜರಿ ಪುಸ್ತಕದಲ್ಲಿ ಸಹಿ ಹಾಕಿಸುವ ಮಟ್ಟದಲ್ಲೇ ಮುಗಿಸುತ್ತಿದ್ದೆವು ಎಂಬುದನ್ನು ಮುಚ್ಚಿಡುವುದರಲ್ಲಿ ಅರ್ಥವಿಲ್ಲ.

ಮೊದಲ ದಿನದ ಬೆಳಿಗ್ಗೆ ನಿರಾಸೆಯಿಂದಲೇ ಶುರುವಾಯಿತು. ಹಿರಿಯ ತರಬೇತುದಾರರು ಒಂದು ದೊಡ್ಡ ಆಸ್ಪತ್ರೆಯಲ್ಲಿ ದೀರ್ಘಕಾಲ ಸೋಂಕು ನಿಯಂತ್ರಣ ನರ್ಸ್ ಆಗಿದ್ದವರು. ವಿಷಯದ ಮೇಲೆ ಅವರಿಗಿದ್ದ ಹಿಡಿತದಲ್ಲಿ ಸಂದೇಹವಿರಲಿಲ್ಲ. ಆದರೆ ತೊಂಬತ್ತಕ್ಕೂ ಹೆಚ್ಚು ಸ್ಲೈಡ್‌ಗಳು, ಎಲ್ಲವೂ ಇಂಗ್ಲಿಷಿನಲ್ಲಿ, ಅವುಗಳಲ್ಲಿ ಅರ್ಧದಷ್ಟು ಬ್ಯಾಕ್ಟೀರಿಯಾಗಳ ಹೆಸರುಗಳು. ನಮ್ಮ ಜಿಎನ್‌ಎಂ (ನರ್ಸಿಂಗ್ ಡಿಪ್ಲೊಮಾ) ಮುಗಿಸಿದ ಹುಡುಗಿಯರು ಆ ಹೆಸರುಗಳನ್ನು ಕಾಲೇಜಿನಲ್ಲಿ ಒಮ್ಮೆ ಬರೆದು ಮರೆತವರು, ಮತ್ತೊಮ್ಮೆ ಬರೆದುಕೊಂಡರು. ಎಲ್ಲ ತರಬೇತಿಗಳಲ್ಲೂ ಬರುವ ವಿಯೆನ್ನಾದ ವೈದ್ಯ ಸೆಮ್ಮೆಲ್‌ವೈಸ್ ಇಲ್ಲಿಯೂ ಬಂದರು: 1847ರಲ್ಲಿ ಹೆರಿಗೆ ವಾರ್ಡಿಗೆ ಹೋಗುವ ವೈದ್ಯರು ಕ್ಲೋರಿನ್ ಸುಣ್ಣದ ನೀರಿನಲ್ಲಿ ಕೈ ತೊಳೆಯಬೇಕೆಂದು ಅವರು ಕಡ್ಡಾಯ ಮಾಡಿದ್ದು, ಬಾಣಂತಿಯರ ಸಾವು ಇಳಿದದ್ದು, ಆದರೂ ಸಹೋದ್ಯೋಗಿಗಳು ಒಪ್ಪದೆ ಹೋದದ್ದು. ಆ ಕ್ಲೋರಿನ್ ಸುಣ್ಣಕ್ಕೂ ನಮ್ಮ ಸ್ಟೋರಿನ ಮೂಲೆಯಲ್ಲಿ ತೇವ ಹಿಡಿದು ಗಟ್ಟಿಯಾಗಿ ಕುಳಿತಿದ್ದ ಬ್ಲೀಚಿಂಗ್ ಪೌಡರ್ ಚೀಲಕ್ಕೂ ಹತ್ತಿರದ ನಂಟಿದೆ ಎಂದು ಒಂದು ಮಾತು ಹೇಳಿದ್ದರೆ ಆ ಕಥೆ ನಮ್ಮದಾಗುತ್ತಿತ್ತು. ಅದನ್ನು ಹೇಳಲಿಲ್ಲ.

ಅದಕ್ಕಿಂತ ಸಭೆಯನ್ನು ಹಿಡಿದು ಕೂರಿಸಿದ್ದು ಕೇರಳದ ಉದಾಹರಣೆ. 2018ರ ಮೇ ತಿಂಗಳಲ್ಲಿ ಕೋಯಿಕ್ಕೋಡಿನಲ್ಲಿ ನಿಪಾ ಕಾಣಿಸಿಕೊಂಡಾಗ ಸೋಂಕು ಒಬ್ಬರಿಂದ ಒಬ್ಬರಿಗೆ ದಾಟಿದ್ದು ಬಹುಪಾಲು ಆಸ್ಪತ್ರೆಗಳ ಒಳಗೇ. ಪೇರಾಂಬ್ರ ತಾಲ್ಲೂಕು ಆಸ್ಪತ್ರೆಯಲ್ಲಿ ರೋಗಿಯ ಆರೈಕೆ ಮಾಡಿದ ನರ್ಸ್ ಲಿನಿ ಪುದುಶ್ಶೇರಿ ಅದೇ ಸೋಂಕಿನಿಂದ ತೀರಿಕೊಂಡರು. ತಾಲ್ಲೂಕು ಆಸ್ಪತ್ರೆ, ಜ್ವರವೆಂದು ಬಂದ ರೋಗಿ, ಏನೆಂದು ಇನ್ನೂ ಗೊತ್ತಿಲ್ಲದ ಆ ಮೊದಲ ಕೆಲವು ಗಂಟೆಗಳು. ಇವೆಲ್ಲ ನಮ್ಮವರಿಗೆ ಯಾವ ವಿವರಣೆಯೂ ಬೇಡದಂಥವು. ರೋಗದ ಹೆಸರು ಗೊತ್ತಾಗುವ ಮೊದಲೇ ಎಲ್ಲ ರೋಗಿಗಳ ವಿಷಯದಲ್ಲೂ ಪಾಲಿಸಬೇಕಾದ ಎಚ್ಚರಿಕೆಗಳು ಯಾಕೆ ಬೇಕು ಎಂಬುದು ಹತ್ತು ಸ್ಲೈಡ್‌ಗಳಲ್ಲಿ ಆಗದ್ದು ಆ ಐದು ನಿಮಿಷದಲ್ಲಿ ಆಯಿತು.

ಮಧ್ಯಾಹ್ನದ ಪ್ರಾತ್ಯಕ್ಷಿಕೆಗಳು ಇಡೀ ತರಬೇತಿಯಲ್ಲಿ ಹಣಕ್ಕೆ ಸರಿತೂಗಿದ ಭಾಗ. ನೇರಳೆ ಬೆಳಕಿನಲ್ಲಿ ಹೊಳೆಯುವ ಒಂದು ಲೋಷನ್ನನ್ನು ಎಲ್ಲರ ಕೈಗೂ ಸವರಿ, ಸ್ಯಾನಿಟೈಸರ್ ಉಜ್ಜುವ ರೀತಿಯಲ್ಲೇ ಎಲ್ಲೆಡೆ ಹರಡಿಸಿ, ಆಮೇಲೆ ಸೋಪಿನಿಂದ ತೊಳೆದು ಬರಲು ಹೇಳಿದರು. ಪ್ರತಿದಿನ ತೊಳೆಯುವ ಹಾಗೆಯೇ ತೊಳೆದು ಬನ್ನಿ, ಇವತ್ತು ವಿಶೇಷವೇನೂ ಬೇಡ ಎಂದು ಬೇರೆ ಹೇಳಿದ್ದರು. ಕಿಟಕಿಗೆ ಹಾಸಿಗೆ ಬಟ್ಟೆ ಕಟ್ಟಿ ಕತ್ತಲು ಮಾಡಿದ ಕೋಣೆಯಲ್ಲಿ ಒಬ್ಬೊಬ್ಬರೇ ಕೈ ಚಾಚಿದಾಗ ಅಂಗೈಗಳು ಶುಭ್ರವಾಗಿದ್ದವು. ಹೆಬ್ಬೆರಳುಗಳು ಹೊಳೆಯುತ್ತಿದ್ದವು, ಬೆರಳ ತುದಿಗಳು ಹೊಳೆಯುತ್ತಿದ್ದವು. ನಮ್ಮ ಓಟಿ ಸಿಸ್ಟರ್ ಒಬ್ಬರ ಮದುವೆಯ ಉಂಗುರದ ಸುತ್ತ ಒಂದು ನೀಲಿ ಬಳೆಯೇ ಕಾಣಿಸಿತು. ಎಲ್ಲಕ್ಕಿಂತ ಹೆಚ್ಚು ಹೊಳೆದದ್ದು ವಾರ್ಡ್ ಬಾಯ್ ಒಬ್ಬನ ಮಣಿಕಟ್ಟಿನಲ್ಲಿದ್ದ ದೇವರ ದಾರ. ಅವನು ಮತ್ತೆ ಎರಡು ಸಲ ತೊಳೆದು ಬಂದ, ದಾರ ಮಾತ್ರ ಹಾಗೆಯೇ ಉರಿಯುತ್ತಿತ್ತು. ಯಾರೂ ಅವನಿಗೆ ದಾರ ಬಿಚ್ಚು ಎಂದು ಹೇಳಲಿಲ್ಲ. ಮಾರನೆಯ ದಿನ ಅದು ಅವನ ತೋಳಿನ ಮೇಲ್ಭಾಗಕ್ಕೆ ಹೋಗಿತ್ತು.

ಕೈ ತೊಳೆಯುವುದರ ಬಗ್ಗೆ ಅವರು ಕಲಿಸಿದ್ದರಲ್ಲಿ ಹೊಸದೇನೂ ಇರಲಿಲ್ಲ: ಸ್ಯಾನಿಟೈಸರ್ ಆದರೆ 20ರಿಂದ 30 ಸೆಕೆಂಡು, ಸೋಪು ನೀರಾದರೆ 40ರಿಂದ 60 ಸೆಕೆಂಡು, ಕೈ ಕಣ್ಣಿಗೆ ಕಾಣುವಷ್ಟು ಕೊಳೆಯಾಗಿದ್ದರೆ ಸ್ಯಾನಿಟೈಸರ್ ಸಾಲದು, ತೊಳೆಯಲೇಬೇಕು. ಆದರೆ ವಿಶ್ವ ಆರೋಗ್ಯ ಸಂಸ್ಥೆಯ ಐದು ಸಂದರ್ಭಗಳನ್ನು ಅವರು ಗೋಡೆಯ ಚಿತ್ರದಲ್ಲಿ ತೋರಿಸದೆ ನಮ್ಮದೇ ಐದನೇ ಹಾಸಿಗೆಯ ಪಕ್ಕ ನಿಂತು ಆಡಿಸಿದರು. ರೋಗಿಯನ್ನು ಮುಟ್ಟುವ ಮೊದಲು, ರಕ್ತನಾಳಕ್ಕೆ ಕ್ಯಾನುಲಾ (ಡ್ರಿಪ್ ನಳಿಕೆ) ಹಾಕುವಂಥ ಶುದ್ಧ ಕೆಲಸಕ್ಕೆ ಮೊದಲು, ರಕ್ತ ಅಥವಾ ಮೂತ್ರ ತಾಗಿರಬಹುದಾದ ಕೆಲಸದ ನಂತರ, ರೋಗಿಯನ್ನು ಮುಟ್ಟಿದ ನಂತರ. ಈ ನಾಲ್ಕನ್ನೂ ಎಲ್ಲರೂ ಹೇಳಿದರು. ಐದನೆಯದು, ಅಂದರೆ ರೋಗಿಯನ್ನು ಮುಟ್ಟದೆ ಅವರ ಸುತ್ತಲಿನ ವಸ್ತುವನ್ನಷ್ಟೇ ಮುಟ್ಟಿದ ನಂತರ ಕೈ ಶುಚಿ ಮಾಡಿಕೊಳ್ಳುವುದು, ನಲವತ್ತು ಜನರಲ್ಲಿ ಇಬ್ಬರಿಗೆ ಹೊಳೆಯಿತು. ಡ್ರಿಪ್ ಸ್ಟ್ಯಾಂಡ್ ಸರಿಸಿ, ಮಂಚದ ಕಂಬಿ ಎತ್ತಿ, ಕೇಸ್ ಶೀಟ್ ಎತ್ತಿಕೊಂಡು ಮುಂದಿನ ಹಾಸಿಗೆಗೆ ಹೋಗುವುದನ್ನು ನಾನೇ ಇಪ್ಪತ್ತೆರಡು ವರ್ಷದಿಂದ ಮಾಡುತ್ತ ಬಂದಿದ್ದೇನೆ.

ಎರಡನೆಯ ದಿನ ಪಿಪಿಇ, ಅಂದರೆ ಗೌನು, ಮಾಸ್ಕು, ಗ್ಲೋವ್ಸ್‌ಗಳಂಥ ರಕ್ಷಣಾ ಉಡುಪು ತೊಡುವುದು ಮತ್ತು ಕಳಚುವುದು. ತೊಡುವುದು ಕೋವಿಡ್ ಕಾಲದಿಂದ ಎಲ್ಲರಿಗೂ ರೂಢಿಯಾಗಿತ್ತು; ಅಪಾಯ ಇರುವುದು ಕಳಚುವುದರಲ್ಲಿ. ಕಿರಿಯ ತರಬೇತುದಾರರು ಕುಂಕುಮ ಕದಡಿದ ನೀರನ್ನು ಎಲ್ಲರ ಗ್ಲೋವ್ಸ್ ಮೇಲೆ ಹಚ್ಚಿ ಪಿಪಿಇ ಕಳಚಲು ಹೇಳಿದರು. ಕೆಲಸ ಮುಗಿದಾಗ ಯಾರ ಮಣಿಕಟ್ಟಿನ ಮೇಲೆ ಕೆಂಪು, ಯಾರ ಕಿವಿಯ ಹಿಂದೆ ಕೆಂಪು, ಒಬ್ಬ ಡ್ಯೂಟಿ ಡಾಕ್ಟರ ಕೆನ್ನೆಯ ಮೇಲೆ ಉದ್ದಕ್ಕೆ ಒಂದು ಗೆರೆ. ಗ್ಲೋವ್ಸ್ ಮೊದಲು, ಮಾಸ್ಕ್ ಕೊನೆಗೆ, ನಡುವೆ ಕೈ ಶುಚಿ ಎಂಬ ಕ್ರಮವನ್ನು ಆ ಡಾಕ್ಟರು ಇನ್ನು ಮರೆಯಲಾರರು. ಎನ್95 ಮಾಸ್ಕ್ ಗಡ್ಡದ ಮೇಲೆ ಸರಿಯಾಗಿ ಕೂರುವುದಿಲ್ಲ ಎಂಬ ಮಾತು ಬಂದಾಗ ಸಭೆ ನಮ್ಮ ಅರಿವಳಿಕೆ ತಜ್ಞರತ್ತ ತಿರುಗಿತು. ಅವರು ಗಡ್ಡ ಸವರಿಕೊಂಡು ಸುಮ್ಮನಿದ್ದರು.

ತ್ಯಾಜ್ಯ ವಿಂಗಡಣೆಯ ಪಾಠದಲ್ಲಿ ಒಂದು ಎಡವಟ್ಟಾಯಿತು, ಅದನ್ನು ಹೇಳಲೇಬೇಕು. ಅವಧಿ ಮೀರಿದ ಔಷಧಿಗಳನ್ನು ಕಪ್ಪು ಚೀಲಕ್ಕೆ ಹಾಕಬೇಕೆಂದು ಒಂದು ಸ್ಲೈಡಿನಲ್ಲಿತ್ತು. ಅದು 1998ರ ಹಳೆಯ ನಿಯಮ. 2016ರ ನಿಯಮಗಳಲ್ಲಿ ಅವು ಹಳದಿಗೆ ಹೋಗುತ್ತವೆ. ಅದನ್ನು ಎದ್ದು ನಿಂತು ತೋರಿಸಿದವರು ನಮ್ಮ ಲ್ಯಾಬ್ ಟೆಕ್ನಿಷಿಯನ್. ತರಬೇತುದಾರರು ತಪ್ಪೊಪ್ಪಿಕೊಂಡು ಸ್ಲೈಡನ್ನು ಅಲ್ಲೇ ತಿದ್ದಿದರು, ಅದು ಅವರ ದೊಡ್ಡತನ. ಆದರೂ ಇಷ್ಟು ವರ್ಷಗಳಲ್ಲಿ ಆ ಸ್ಲೈಡ್ ಎಷ್ಟು ಆಸ್ಪತ್ರೆಗಳ ಗೋಡೆಯ ಮೇಲೆ ಬೆಳಗಿ ಹೋಗಿರಬಹುದು ಎಂದು ನನಗೆ ಕಸಿವಿಸಿಯಾಯಿತು. ಉಳಿದಂತೆ ಬಣ್ಣಗಳ ಪಾಠ ಸರಿಯಾಗಿತ್ತು: ರಕ್ತ ಹತ್ತಿದ ಹತ್ತಿ, ಬ್ಯಾಂಡೇಜು, ಮಾಸು ಹಳದಿಗೆ, ಐವಿ ಸೆಟ್ಟು, ಕ್ಯಾಥಿಟರ್ ನಳಿಕೆ, ಮೂತ್ರ ತುಂಬುವ ಯೂರೋಬ್ಯಾಗ್, ಸೂಜಿ ತೆಗೆದ ಸಿರಿಂಜು, ಗ್ಲೋವ್ಸ್ ಕೆಂಪಿಗೆ, ಸೂಜಿ ಮತ್ತು ಬ್ಲೇಡು ಚುಚ್ಚಿದರೂ ತೂತಾಗದ ಬಿಳಿ ಡಬ್ಬಕ್ಕೆ, ಔಷಧಿ ತುಂಬಿ ಬರುವ ಗಾಜಿನ ವಯಲ್ಲು, ಒಡೆದ ಆಂಪ್ಯೂಲು ನೀಲಿ ಡಬ್ಬಕ್ಕೆ. ಮಾಸು, ರಕ್ತ ಹತ್ತಿದ ಬ್ಯಾಂಡೇಜಿನಂಥ ಸಂಸ್ಕರಿಸದ ತ್ಯಾಜ್ಯವನ್ನು 48 ಗಂಟೆಗಳಿಗಿಂತ ಹೆಚ್ಚು ಕಾಲ ಇಟ್ಟುಕೊಳ್ಳುವ ಹಾಗಿಲ್ಲ ಎಂಬುದನ್ನೂ ಒತ್ತಿ ಹೇಳಿದರು; ಘಾಟಿ ಕುಸಿದು ತ್ಯಾಜ್ಯ ಒಯ್ಯುವ ಗಾಡಿ ಬಾರದ ಜುಲೈ ತಿಂಗಳಿನಲ್ಲಿ ಏನು ಮಾಡಬೇಕೆಂದು ನಾನು ಕೇಳಿದಾಗ ಅವರ ಬಳಿ ಸಿದ್ಧ ಉತ್ತರವಿರಲಿಲ್ಲ.

ಓಟಿಯ ಉಪಕರಣಗಳ ಶುದ್ಧೀಕರಣಕ್ಕೆ ಕೊಟ್ಟದ್ದು ಕೇವಲ ಹತ್ತು ನಿಮಿಷ, ಇದು ನನ್ನ ದೊಡ್ಡ ದೂರು. ಆಟೋಕ್ಲೇವ್ (ಒತ್ತಡದ ಹಬೆಯಿಂದ ಉಪಕರಣ ಶುದ್ಧ ಮಾಡುವ ಯಂತ್ರ) ಟೇಪಿನ ಮೇಲೆ ಕಪ್ಪು ಗೆರೆ ಮೂಡಿದರೆ ಆ ಪೊಟ್ಟಣ ಬಿಸಿಗೆ ಒಡ್ಡಿಕೊಂಡಿತ್ತು ಎಂದಷ್ಟೇ ಅರ್ಥ, ಒಳಗಿನ ಉಪಕರಣ ಶುದ್ಧವಾಗಿದೆ ಎಂದಲ್ಲ, ಅದಕ್ಕೆ ಒಳಗೊಂದು ಇಂಡಿಕೇಟರ್ ಇಡಬೇಕು ಎಂಬ ಒಂದು ಮಾತನ್ನು ಹೇಳಿ ಮುಂದಕ್ಕೆ ಹೋದರು. ಆ ಒಂದು ಮಾತನ್ನೇ ಅರ್ಧ ದಿನ ಕಲಿಸಬಹುದಿತ್ತು.

ಈಗ ಈ ವಿಮರ್ಶೆಯನ್ನು ಬರೆಯಲು ಕಾರಣವಾದ ಸಂಗತಿಗೆ ಬರುತ್ತೇನೆ. ಒಪ್ಪಂದದಲ್ಲಿ ತರಬೇತಿ ಇದ್ದದ್ದು ವೈದ್ಯರು, ನರ್ಸ್‌ಗಳು, ಟೆಕ್ನಿಷಿಯನ್‌ಗಳು ಮತ್ತು ವಾರ್ಡ್ ಬಾಯ್‌ಗಳಿಗೆ. ಆಯಾಗಳು ಮತ್ತು ಹೌಸ್‌ಕೀಪಿಂಗ್‌ನವರು ಹೊರಗುತ್ತಿಗೆಯವರಾದ್ದರಿಂದ ಅವರ ಹೆಸರು ಪಟ್ಟಿಯಲ್ಲಿರಲಿಲ್ಲ. ಪಟ್ಟಿ ಮಾಡಿದವಳು ನಾನೇ. ಎರಡನೆಯ ದಿನ ಊಟದ ನಂತರ ಒಂಬತ್ತು ಮಂದಿ ಆಯಾಗಳು ಸಭಾಂಗಣದ ಬಾಗಿಲ ಬಳಿ ಬಂದು ನಿಂತಿದ್ದರು. ಕರೆದಿದ್ದಾರೆಂದು ಯಾರೋ ಹೇಳಿದ್ದರಂತೆ. ಹಿರಿಯ ತರಬೇತುದಾರರು ಗಡಿಯಾರ ನೋಡಿಕೊಂಡರು. ಕಿರಿಯವರು, ಹಾವೇರಿ ಕಡೆಯ ಹುಡುಗ, ಒಂದು ಗಂಟೆ ತಾನು ನೋಡಿಕೊಳ್ಳುತ್ತೇನೆಂದು ಪ್ರೊಜೆಕ್ಟರ್ ಆರಿಸಿ, ಕುರ್ಚಿ ಎಳೆದುಕೊಂಡು ಅವರ ನಡುವೆ ಕುಳಿತರು.

"ಅಕ್ಕಾರ, ಉಪ್ಪಿನಕಾಯಿ ಭರಣಿಗೆ ಎಂಜಲ ಚಮಚ ಹಾಕ್ತೀರೇನ್ರಿ?"

ಎಲ್ಲರೂ ನಕ್ಕರು. ಹಿರಿಯ ಆಯಾ ಒಬ್ಬರು, "ಹಾಕಿದ್ರೆ ಬೂಷ್ಟು ಹಿಡೀತದೆ ಸಾರ್, ಜಾಡಿ ಪೂರ್ತಿ ಹೋಗ್ತದೆ," ಎಂದರು.

"ಮತ್ತ ಟಾಯ್ಲೆಟ್ ಒರೆಸಿದ ಮಾಪು ಅದೇ ಬಕೆಟ್ಟಿನ್ಯಾಗ ಅದ್ದಿ ಬಾಣಂತಿ ವಾರ್ಡ್ ಒರೆಸಿದ್ರ?"

ನಗು ನಿಂತಿತು. ಆ ಮೌನದಲ್ಲಿ ಹಿಂದಿನ ಸಾಲಿನಲ್ಲಿ ನಿಂತಿದ್ದ ನಮ್ಮ ಸ್ಟಾಫ್ ನರ್ಸ್ ಒಬ್ಬಳು ಮೆಲ್ಲಗೆ ಡ್ರೆಸ್ಸಿಂಗ್ ಟ್ರಾಲಿಯತ್ತ ನಡೆದದ್ದನ್ನು ನಾನು ನೋಡಿದೆ. ಅಲ್ಲಿ ಮರಗಟ್ಟಿಸುವ ಔಷಧಿ ಲಿಗ್ನೋಕೇನ್‌ನ ವಯಲ್ಲಿನ ರಬ್ಬರ್ ಬಿರಡೆಗೆ ಒಂದು ಸೂಜಿಯನ್ನು ಚುಚ್ಚಿ ಹಾಗೆಯೇ ಬಿಟ್ಟಿತ್ತು, ಮತ್ತೆ ಮತ್ತೆ ಎಳೆದುಕೊಳ್ಳಲು ಸುಲಭವೆಂದು. ಅವಳು ಅದನ್ನು ಕಿತ್ತು ಬಿಳಿ ಡಬ್ಬಕ್ಕೆ ಹಾಕಿ, ವಯಲ್ಲನ್ನೂ ಎಸೆದಳು. ಒಂದು ವಯಲ್ಲಿಗೆ ಬಳಸಿದ ಸೂಜಿ ಹಾಕಬಾರದೆಂದು ಬೆಳಗಿನ ಸ್ಲೈಡಿನಲ್ಲಿಯೂ ಇತ್ತು.

ಇಲ್ಲಿ ಒಂದು ಮಾತು ಹೇಳಬೇಕೆನಿಸುತ್ತದೆ. ಹಿರಿಯ ತರಬೇತುದಾರರು ಬೆಳಿಗ್ಗೆ ಓಟಿಯ ಶುದ್ಧ ವಲಯವನ್ನು ವಿವರಿಸುವಾಗ "ಮಡಿ ಇದ್ದ ಹಾಗೆ" ಎಂದಿದ್ದರು. ಹೋಲಿಕೆ ಬೇಗ ಅರ್ಥವಾಗುತ್ತದೆ ನಿಜ. ಆದರೆ ಮಡಿಯ ಹೆಸರಿನಲ್ಲಿ ಅಂಗಳದಾಚೆ ನಿಲ್ಲಿಸಲ್ಪಟ್ಟ ಮನೆಗಳಿಂದ ಬಂದವರೇ ನಮ್ಮ ಶುಚಿತ್ವ ಸಿಬ್ಬಂದಿಯಲ್ಲಿ ಹೆಚ್ಚು. ಅವರೂ ದುಡಿಯುವ ಆಸ್ಪತ್ರೆಯಲ್ಲಿ ಆ ಶಬ್ದ ಬೇಡವಾಗಿತ್ತು. ಹೋಲಿಕೆಯಾಗಿಯೂ ಅದು ತಪ್ಪು, ಮಡಿಗೆ ಮನುಷ್ಯ ಯಾರೆಂಬುದು ಮುಖ್ಯ, ಸೋಂಕಿಗೆ ಅದರ ಪರಿವೆಯೇ ಇಲ್ಲ. ಎಂಜಲ ಚಮಚ ಯಾರ ಕೈಯಲ್ಲಿದ್ದರೂ ಎಂಜಲೇ.

ಆ ಒಂದು ಗಂಟೆಯಲ್ಲಿ ಹೈಪೋ ದ್ರಾವಣದ ವಿಷಯವೂ ಬಂತು. ರಕ್ತ ಚೆಲ್ಲಿದ ಕಡೆ ಶೇ. 1ರ ಸೋಡಿಯಂ ಹೈಪೋಕ್ಲೋರೈಟ್ ಹಾಕಬೇಕೆಂದು ಬೆಳಿಗ್ಗೆ ಹೇಳಿದ್ದರು, ಹೇಗೆ ಕಲಸಬೇಕೆಂದು ಹೇಳಿರಲಿಲ್ಲ. ನಮ್ಮಲ್ಲಿ ಪದ್ಧತಿ "ಒಂದು ಬಕೆಟ್ಟಿಗೆ ಎರಡು ಮುಚ್ಚಳ". ಆ ಹುಡುಗ ಸ್ಟೋರಿನಿಂದ ಕ್ಯಾನ್ ತರಿಸಿ ಲೇಬಲ್ ಓದಿಸಿದರು, ಅದು ಶೇ. 5ರದ್ದು. ಹಾಗಾದರೆ ಒಂದು ಲೋಟ ಹೈಪೋಗೆ ನಾಲ್ಕು ಲೋಟ ನೀರು, ಶೇ. 10ರದ್ದು ಬಂದರೆ ಒಂದಕ್ಕೆ ಒಂಬತ್ತು. ಅಳತೆಗೆ ಸ್ಟೀಲ್ ಲೋಟವನ್ನೇ ಇಟ್ಟುಕೊಳ್ಳದೆ ಪ್ಲಾಸ್ಟಿಕ್ ಲೋಟ ಇಟ್ಟುಕೊಳ್ಳಿ, ಹೈಪೋ ಲೋಹವನ್ನು ತಿನ್ನುತ್ತದೆ; ಪ್ರತಿದಿನ ಹೊಸದಾಗಿ ಕಲಸಿ, ನಿನ್ನೆಯದು ಇವತ್ತಿಗೆ ಬಾರದು; ಫಿನಾಯಿಲ್ ಅಥವಾ ಆಸಿಡ್ ಜೊತೆ ಬೆರೆಸಬೇಡಿ, ಉಸಿರು ಕಟ್ಟುವ ಗಾಳಿ ಬರುತ್ತದೆ. "ಎರಡು ಮುಚ್ಚಳ"ದ ಲೆಕ್ಕ ಹಾಕಿ ನೋಡಿದರೆ ನಾವು ಇಷ್ಟು ವರ್ಷ ರಕ್ತದ ಕಲೆಯ ಮೇಲೆ ಬಹುತೇಕ ಬರೀ ನೀರನ್ನೇ ಹಾಕುತ್ತಿದ್ದೆವು. ಮಳೆಗಾಲದಲ್ಲಿ ಒಣಗದ ಮಾಪಿನ ಬಗ್ಗೆಯೂ ಅವರೇ ಕೇಳಿ ತಿಳಿದುಕೊಂಡರು. ಬಾಯ್ಲರ್ ಕೋಣೆಯ ಪಕ್ಕದ ಗೋಡೆಗೆ ಮೊಳೆ ಹೊಡೆದು ಮಾಪುಗಳನ್ನು ತಲೆಕೆಳಗಾಗಿ ನೇತುಹಾಕಬಹುದೆಂಬ ಉಪಾಯ ಹೊಳೆದದ್ದು ಆಯಾಗಳಿಗೇ.

ಕೊನೆಗೆ ಸೂಜಿ ಚುಚ್ಚಿಕೊಂಡರೆ ಏನು ಮಾಡುತ್ತೀರಿ ಎಂದು ಕೇಳಿದರು. ಒಬ್ಬರು ಹೇಳಿದರು, ಚುಚ್ಚಿದ ಬೆರಳನ್ನು ಬಾಯಲ್ಲಿಟ್ಟು ಚೀಪಿ ಉಗಿಯುತ್ತೇನೆ. ಎಷ್ಟು ಸಲ ಚುಚ್ಚಿದೆ ಎಂದರೆ, ಮೂರು ಸಲ. ಯಾರಿಗೆ ಹೇಳಿದಿರಿ ಎಂದರೆ ನನ್ನತ್ತ ನೋಡಿ ತಲೆ ತಗ್ಗಿಸಿದರು.

"ಹೇಳಿದ್ರೆ ಸಂಬಳ ಹಿಡೀತಾರೇನೋ ಅಂತ ಸಿಸ್ಟರ್."

ಹಿಂಡಬಾರದು, ಚೀಪಬಾರದು, ಹರಿಯುವ ನೀರಿನಲ್ಲಿ ಸೋಪು ಹಾಕಿ ತೊಳೆದು ತಕ್ಷಣ ತಿಳಿಸಬೇಕು. ಎಚ್‌ಐವಿ ತಡೆಯುವ ಮಾತ್ರೆಯನ್ನು ಸಾಧ್ಯವಾದರೆ ಎರಡು ಗಂಟೆಯೊಳಗೆ, ತಡವೆಂದರೆ 72 ಗಂಟೆಯೊಳಗೆ ಶುರುಮಾಡಿ 28 ದಿನ ನುಂಗಬೇಕು. ಇದೆಲ್ಲ ನರ್ಸ್‌ಗಳಿಗೆ ಗೊತ್ತಿತ್ತು. ಎಲ್ಲರೂ ಹೆದರುವ ಎಚ್‌ಐವಿ ಸೋಂಕಿತ ಸೂಜಿಯಿಂದ ತಗಲುವ ಸಾಧ್ಯತೆ ಸುಮಾರು ಶೇ. 0.3; ಲಸಿಕೆ ಪಡೆಯದವರಿಗೆ ಹೆಪಟೈಟಿಸ್ ಬಿ (ಯಕೃತ್ತಿನ ಸೋಂಕು) ತಗಲುವ ಸಾಧ್ಯತೆ ಶೇ. 6ರಿಂದ 30ರವರೆಗೆ. ಹೆಪಟೈಟಿಸ್ ಬಿ ಲಸಿಕೆ ಯಾರ್ಯಾರಿಗೆ ಆಗಿದೆ ಎಂದು ಕೈ ಎತ್ತಿಸಿದಾಗ ಒಂಬತ್ತು ಆಯಾಗಳಲ್ಲಿ ಒಂದೂ ಕೈ ಮೇಲೇಳಲಿಲ್ಲ. ತ್ಯಾಜ್ಯ ಮುಟ್ಟುವ ಎಲ್ಲರಿಗೂ ಆ ಲಸಿಕೆಯನ್ನೂ ಧನುರ್ವಾಯು ಲಸಿಕೆಯನ್ನೂ ಕೊಡಿಸಬೇಕೆಂದು ಅದೇ 2016ರ ನಿಯಮಗಳಲ್ಲಿದೆ. ಹೊರಗುತ್ತಿಗೆದಾರ ಕೊಡಿಸುತ್ತಾನೆಂದು ನಾವು, ಆಸ್ಪತ್ರೆ ಕೊಡಿಸುತ್ತದೆಂದು ಅವನು. ಮರುದಿನವೇ ಮೊದಲ ಡೋಸ್ ಹಾಕಿಸಿದೆವು. ತಿಂಗಳ ನಂತರ ಎರಡನೆಯದೂ ಆಗಿದೆ, ಆರನೆಯ ತಿಂಗಳಿನದು ಬಾಕಿ.

ತರಬೇತಿಯ ಕೊನೆಗೆ ನಡೆದ ಪರೀಕ್ಷೆಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ಮೊದಲ ದಿನ ಕೊಟ್ಟ ಪ್ರಶ್ನೆಗಳನ್ನೇ ಎರಡನೆಯ ದಿನವೂ ಕೊಟ್ಟರು, ಅಂಕಗಳು ಸಹಜವಾಗಿಯೇ ಏರಿದವು, ಏರಿದ ಅಂಕಗಳ ಬಣ್ಣದ ನಕ್ಷೆ ವರದಿಯಲ್ಲಿ ಬಂತು. ಪ್ರಮಾಣಪತ್ರಗಳಲ್ಲಿ ಆರು ಜನರ ಹೆಸರು ತಪ್ಪಾಗಿತ್ತು. ಆಯಾಗಳಿಗೆ ಪ್ರಮಾಣಪತ್ರವೇ ಇರಲಿಲ್ಲ, ಪಟ್ಟಿಯಲ್ಲಿ ಇರಲಿಲ್ಲವಲ್ಲ.

ಇಂಥ ತರಬೇತಿಯನ್ನು ಅಳೆಯಬೇಕಾದದ್ದು ಆರು ವಾರ ಕಳೆದ ಮೇಲೆ, ಹಾಸಿಗೆಯ ಪಕ್ಕದಲ್ಲಿ ನಿಂತು ಎಂದು ನನ್ನ ಅಭಿಪ್ರಾಯ. ಹಾಗೆ ನಿಂತು ನೋಡಿದೆ. ಮೊದಲ ವಾರ ಎಲ್ಲರ ಕೈಗಳೂ ಪಳಪಳ ಎನ್ನುತ್ತಿದ್ದವು. ಮೂರನೆಯ ವಾರದ ಹೊತ್ತಿಗೆ ವೈದ್ಯರ ರೌಂಡ್ಸ್ ಸಮಯದಲ್ಲಿ ಹಳೆಯ ಚಾಳಿ ಹಿಂತಿರುಗಿತ್ತು, ಮುಖ್ಯವಾಗಿ ಆ ಐದನೆಯ ಸಂದರ್ಭದಲ್ಲಿ. ಕಾರಣ ಹುಡುಕುತ್ತ ಹೋದಾಗ ಸಿಕ್ಕಿದ್ದು ಬೇಸರ ತರುವಷ್ಟು ಸರಳವಾದದ್ದು: ಸ್ಯಾನಿಟೈಸರ್ ಬಾಟಲಿ ಇರುತ್ತಿದ್ದದ್ದು ನರ್ಸಿಂಗ್ ಸ್ಟೇಷನ್ನಿನಲ್ಲಿ, ಹತ್ತನೆಯ ಹಾಸಿಗೆಯಿಂದ ಅಲ್ಲಿಗೆ ಇಪ್ಪತ್ತು ಹೆಜ್ಜೆ. ಪ್ರತಿ ಮಂಚದ ಕಾಲ್ದೆಸೆಗೆ ಒಂದು ಬಾಟಲಿ ಸಿಕ್ಕಿಸಿದ ಮೇಲೆ, ಎರಡು ವಾರಕ್ಕೊಂದು ಕ್ಯಾನ್ ಖಾಲಿಯಾಗುತ್ತಿದ್ದ ವಾರ್ಡಿನಲ್ಲಿ ಈಗ ವಾರಕ್ಕೆ ಎರಡು ಹೋಗುತ್ತಿವೆ. ವಿಶ್ವ ಆರೋಗ್ಯ ಸಂಸ್ಥೆ ಕೈ ಶುಚಿತ್ವದ ವಿಷಯದಲ್ಲಿ ತರಬೇತಿಯನ್ನು ಐದು ಅಂಶಗಳಲ್ಲಿ ಒಂದೆಂದು ಮಾತ್ರ ಎಣಿಸಿ, ಸೌಲಭ್ಯವನ್ನು ಸರಿಪಡಿಸುವುದನ್ನು ಮೊದಲಿಗೆ ಇಟ್ಟಿರುವುದನ್ನು ನಾನು ಓದಿದ್ದೆ. ತರಬೇತುದಾರರು ಮೊದಲ ದಿನವೇ ನಮ್ಮ ವಾರ್ಡಿನಲ್ಲಿ ಒಂದು ಸುತ್ತು ಹಾಕಿದ್ದರೆ ಆ ಬಾಟಲಿಗಳ ಜಾಗ ಅವರ ಕಣ್ಣಿಗೆ ಬೀಳದೆ ಇರುತ್ತಿರಲಿಲ್ಲ. ಹಾಗೆ ಸುತ್ತು ಹಾಕುವುದು ಒಪ್ಪಂದದಲ್ಲಿರಲಿಲ್ಲ.

ಇದಕ್ಕೆ ಹೋಲಿಸಿದರೆ ಆಯಾಗಳ ಕಡೆ ಜಾರಿದ್ದು ಕಡಿಮೆ. ಮೂರು ಬಣ್ಣದ ಬಕೆಟ್ಟುಗಳು ಬಂದಿವೆ, ಟಾಯ್ಲೆಟ್ಟಿನ ಮಾಪು ವಾರ್ಡಿಗೆ ಬರುವುದಿಲ್ಲ, ಹೈಪೋ ಕ್ಯಾನಿಗೆ ಪ್ಲಾಸ್ಟಿಕ್ ಲೋಟವನ್ನು ದಾರದಿಂದ ಕಟ್ಟಿ ಇಟ್ಟಿದ್ದಾರೆ. ಕಳೆದ ವಾರ ಡ್ಯೂಟಿ ಡಾಕ್ಟರೊಬ್ಬರು ಬಳಸಿದ ಸೂಜಿಯನ್ನು ಕಿಡ್ನಿ ಟ್ರೇಯಲ್ಲೇ ಬಿಟ್ಟು ಹೋದಾಗ ಆ ಹಿರಿಯ ಆಯಾ ಟ್ರೇಯನ್ನು ಮುಟ್ಟದೆ, ಡಾಕ್ಟರನ್ನು ವಾಪಸ್ ಕರೆಸಿ, ಅವರ ಕೈಯಿಂದಲೇ ಡಬ್ಬಕ್ಕೆ ಹಾಕಿಸಿದರೆಂದು ನನ್ನ ಕಿವಿಗೆ ಬಿತ್ತು. ಆ ಡಾಕ್ಟರು ನನ್ನ ಬಳಿ ದೂರು ಹೇಳಲು ಬಂದಿದ್ದರು.

ಐದಕ್ಕೆ ಎಷ್ಟು ಎಂದು ಕೇಳಿದರೆ, ಪ್ರಾತ್ಯಕ್ಷಿಕೆಗಳಿಗೆ ನಾಲ್ಕು, ಸ್ಲೈಡ್‌ಗಳಿಗೆ ಒಂದೂವರೆ, ಪರೀಕ್ಷೆ ಮತ್ತು ವರದಿಗೆ ಒಂದು. ಒಪ್ಪಂದದಲ್ಲಿ ಇಲ್ಲದ ಆ ಒಂದು ಗಂಟೆಗೆ ಐದಕ್ಕೆ ಐದು. ಸಿದ್ಧಾಂತದ ಭಾಗವನ್ನು ಉಚಿತ ಕೋರ್ಸ್‌ಗಳಿಂದ ಮೊದಲೇ ಮುಗಿಸಿಕೊಂಡು, ಕೈಯಿಂದ ಮಾಡಿ ಕಲಿಯುವ ಭಾಗಕ್ಕೆ ಮಾತ್ರ ಹಣ ಕೊಡುವುದು ಲಾಭದ ವ್ಯವಹಾರ. ರಾತ್ರಿ ಪಾಳಿಯವರನ್ನು ನಿದ್ದೆಗಣ್ಣಿನಲ್ಲಿ ಕೂರಿಸಬೇಡಿ. ನಾವು ಕೂರಿಸಿದೆವು, ಇಬ್ಬರು ಕುರ್ಚಿಯಲ್ಲೇ ಮಲಗಿದರು, ತಪ್ಪು ಅವರದಲ್ಲ. ಸ್ಲೈಡ್‌ಗಳನ್ನು ಮುಂಚೆಯೇ ತರಿಸಿಕೊಂಡು ನಿಯಮಗಳ ವರ್ಷವನ್ನು ನೋಡಿ.

ಮುಂದಿನ ವರ್ಷಕ್ಕೂ ಇದೇ ಸಂಸ್ಥೆಯನ್ನು ಕರೆಯಲು ನಾವು ಸಿದ್ಧರಿದ್ದೇವೆ. ಕಳೆದ ತಿಂಗಳು ಪತ್ರ ಬರೆದು ನಾಲ್ಕು ಷರತ್ತು ಹಾಕಿದೆ: ಮೊದಲ ಅರ್ಧ ದಿನ ವಾರ್ಡುಗಳಲ್ಲಿ ಸುತ್ತಾಟ, ಓಟಿ ಉಪಕರಣಗಳಿಗೆ ಪೂರ್ತಿ ಎರಡು ಗಂಟೆ, ಆಯಾಗಳಿಗೆ ಒಂದು ಇಡೀ ದಿನ ಅದೇ ಹಾವೇರಿಯ ಹುಡುಗನಿಂದ, ಮತ್ತು ಎಲ್ಲವೂ ಕನ್ನಡದಲ್ಲಿ. ಉತ್ತರ ಬಂದಿದೆ. ಮೊದಲ ಮೂರಕ್ಕೆ ಒಪ್ಪಿದ್ದಾರೆ. ಕನ್ನಡಕ್ಕೆ ಪ್ರತ್ಯೇಕ ಶುಲ್ಕ ಕೇಳಿದ್ದಾರೆ.